ಕಂಟ್ರಿ ಹಾಡು ಕೇಳುವುದು ಹೇಗೆ?

ಅಮೆರಿಕದ ಕಂಟ್ರಿ ಸಂಗೀತ ಹೊಸದು ಎನ್ನುವವರಿಗೆ ನಾನು ಮೊದಲು ಕೇಳಿಸುವ ಹಾಡು ಜಾರ್ಜ್ ಜೋನ್ಸ್ ಅವರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’. 1980ರಲ್ಲಿ ಬಂದ ಕಥನಗೀತೆ ಅದು. ಅವನು ಇವತ್ತು ಅವಳನ್ನು ಪ್ರೀತಿಸುವುದನ್ನು ಬಿಟ್ಟ ಎಂಬುದು ಹೆಸರಿನ ಅರ್ಥ. ಇಂಗ್ಲಿಷ್ ಹಾಡಿನ ಉಚ್ಚಾರ ಹಿಡಿಯದಿದ್ದರೆ ಚಿಂತೆ ಬೇಡ, ಕಥೆ ಮೊದಲೇ ಹೇಳಿಬಿಡುತ್ತೇನೆ.

ಸಾಯುವ ತನಕ ನಿನ್ನನ್ನು ಪ್ರೀತಿಸುತ್ತೇನೆ ಎಂದು ಒಬ್ಬಾತ ಮಾತು ಕೊಟ್ಟಿದ್ದಾನೆ. ಅವಳು ಬಿಟ್ಟುಹೋಗಿ ಎಷ್ಟೋ ವರ್ಷವಾಯಿತು. ಅವಳ ಫೋಟೋ ಇನ್ನೂ ಗೋಡೆಯ ಮೇಲಿದೆ. 1962ರ ಕಾಗದಗಳು ಹಾಸಿಗೆಯ ಪಕ್ಕದಲ್ಲೇ ಇವೆ. ಇವತ್ತು ಅವನು ಪ್ರೀತಿಸುವುದನ್ನು ಬಿಟ್ಟಿದ್ದಾನೆ, ಏಕೆಂದರೆ ಇವತ್ತು ಸತ್ತಿದ್ದಾನೆ.

ಕಥೆ ಹೇಳುವವನು ಆ ಪ್ರೇಮಿಯಲ್ಲ, ಅವನ ಗೆಳೆಯ. ಹಾಡಿನ ಶಕ್ತಿಯೆಲ್ಲ ಇಲ್ಲಿದೆ ಎಂದು ನನ್ನ ನಂಬಿಕೆ. ಅವನು ಎಷ್ಟು ನೊಂದ ಎಂದು ಗೆಳೆಯ ವರ್ಣಿಸುವುದಿಲ್ಲ. ಫೋಟೋ ಇತ್ತು, ಕಾಗದ ಇತ್ತು ಎಂದಷ್ಟೇ ಹೇಳುತ್ತಾನೆ. ಅಳುವ ಕೆಲಸವನ್ನು ಕೇಳುಗರಿಗೇ ಬಿಡುತ್ತಾನೆ.

ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್‌ಮನ್ ಬರೆದ ಈ ಹಾಡನ್ನು ನಿರ್ಮಾಪಕ ಬಿಲ್ಲಿ ಶೆರಿಲ್ ತಿದ್ದಿಸಿದರು. ಅವಳು ಕೊನೆಯ ಬಾರಿ ಅವನನ್ನು ನೋಡಲು ಬರುವ ಭಾಗ ಹಾಗೆ ಸೇರಿದ್ದು. ಅಲ್ಲಿಗೆ ಬಂದಾಗ ಗಮನಿಸಿ: ಜೋನ್ಸ್ ಹಾಡುವುದನ್ನು ನಿಲ್ಲಿಸಿ ಬರೀ ಮಾತಿನಲ್ಲಿ ಹೇಳುತ್ತಾರೆ. ಅಷ್ಟೊತ್ತು ತಡೆದುಕೊಂಡವರಿಗೂ ಅಲ್ಲಿ ಗಂಟಲು ಕಟ್ಟುತ್ತದೆ.

ಎರಡನೆಯ ಸಲ ಕೇಳುವಾಗ ಕಥೆ ಬಿಟ್ಟು ಪೆಡಲ್ ಸ್ಟೀಲ್ ಗಿಟಾರಿಗೆ ಕಿವಿಗೊಡಿ. ತಂತಿಗಳ ಮೇಲೆ ಲೋಹದ ಸರಳನ್ನು ಜಾರಿಸಿ, ಕಾಲಿನಿಂದ ಪೆಡಲ್ ಒತ್ತಿ ನುಡಿಸುವ ವಾದ್ಯ ಅದು. ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುತ್ತದೆ. ನಮ್ಮ ಸಂಗೀತದ ಮೀಂಡ್ ಕೇಳಿ ಬೆಳೆದ ಕಿವಿಗೆ ಅದು ಪರಕೀಯ ಅನ್ನಿಸದು.

ಇಷ್ಟು ದುಃಖದ ಹಾಡನ್ನು ಯಾರೂ ಕೊಳ್ಳುವುದಿಲ್ಲ ಎಂದು ಜೋನ್ಸ್ ಅವರಿಗೇ ಅನ್ನಿಸಿತ್ತು. ಆದರೆ ಅದು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಗ್ರ್ಯಾಮಿಯನ್ನೂ ತಂದಿತು. 2013ರಲ್ಲಿ ನ್ಯಾಶ್‌ವಿಲ್‌ನಲ್ಲಿ ನಡೆದ ಅವರ ಅಂತ್ಯಸಂಸ್ಕಾರದ ಸಭೆಯಲ್ಲಿ ಗಾಯಕ ಅಲನ್ ಜಾಕ್ಸನ್ ಹಾಡಿದ್ದೂ ಇದನ್ನೇ.

ಇದು ಹಿಡಿಸಿದರೆ ಮುಂದೆ ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ ‘ಕ್ರೇಜಿ’ ಕೇಳಿ. ಅದನ್ನು ಬರೆದವರು ವಿಲ್ಲಿ ನೆಲ್ಸನ್.