ವೀಸಾದ ಅವಧಿ ಮತ್ತು ವಾಸದ ಅವಧಿ

ನಮ್ಮ ಶಾಲೆಯಲ್ಲಿ ವ್ಯಾಸಂಗ ಮಾಡಿದ ಅನೇಕರು ಇಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ಕಾಣಬೇಕೆಂದೋ ಅವರ ತಂದೆತಾಯಿಗಳು ಅಲ್ಲಿಗೆ ಹೋಗಿಬರುವುದು ವಾಡಿಕೆಯಾಗಿದೆ. ಹೊರಡುವಾಗ ವಹಿಸುವ ಎಚ್ಚರವನ್ನು ಹಿಂದಿರುಗುವ ದಿನದ ವಿಷಯದಲ್ಲಿ ಎಲ್ಲರೂ ವಹಿಸುವುದಿಲ್ಲ. ಆದುದರಿಂದ ಆ ದೇಶದ ಸಂದರ್ಶಕ ನಿಯಮಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಪ್ರವೇಶದ ಕ್ರಮ

ಪ್ರವಾಸಕ್ಕಾಗಿ ಅಥವಾ ಬಂಧುಗಳ ಭೇಟಿಗಾಗಿ ಹೋಗುವವರಿಗೆ ದೊರೆಯುವುದು ಬಿ-2 ವರ್ಗದ ವೀಸಾ. ಭಾರತೀಯರಿಗೆ ಇದನ್ನು ಸಾಮಾನ್ಯವಾಗಿ 10 ವರ್ಷಗಳ ಅವಧಿಗೆ ನೀಡುವರು. ಆದರೆ ವೀಸಾ ಎಂಬುದು ಆ ದೇಶದ ಬಾಗಿಲಿಗೆ ಹೋಗಿ ಪ್ರವೇಶ ಕೋರಲು ಇರುವ ಅನುಮತಿಯೇ ಹೊರತು, ಒಳಗೆ ವಾಸಿಸುವ ಹಕ್ಕಲ್ಲ. ಎಷ್ಟು ದಿನ ತಂಗಬಹುದೆಂಬುದನ್ನು ವಿಮಾನ ನಿಲ್ದಾಣದಲ್ಲಿರುವ ಅಧಿಕಾರಿಯು ನಿರ್ಧರಿಸುತ್ತಾನೆ. ಅದು ಸಾಮಾನ್ಯವಾಗಿ ಆರು ತಿಂಗಳು. ಆ ದಿನಾಂಕವು ‘ಐ-94’ ಎಂಬ ದಾಖಲೆಯಲ್ಲಿ ಸೇರುತ್ತದೆ. 2013ರಿಂದ ವಿಮಾನದಲ್ಲಿ ಬರುವವರಿಗೆ ಇದು ಗಣಕಯಂತ್ರದಲ್ಲಿಯೇ ದಾಖಲಾಗುವುದರಿಂದ, ಇಳಿದ ಕೂಡಲೆ ಮಕ್ಕಳ ನೆರವಿನಿಂದ ನೋಡಿ ಬರೆದಿಟ್ಟುಕೊಳ್ಳುವುದು ಅವಶ್ಯ.

ಅವಧಿ ಮೀರಿದರೆ

ಅನುಮತಿಯ ದಿನಾಂಕವನ್ನು ಒಂದು ದಿನ ಮೀರಿದರೂ ಆ ವೀಸಾ ರದ್ದಾಗುತ್ತದೆ. ಮತ್ತೆ ಹೋಗಬೇಕಾದರೆ ಸ್ವದೇಶದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕು. 1996ರ ಶಾಸನದ ಪ್ರಕಾರ, 180 ದಿನಗಳಿಗಿಂತ ಹೆಚ್ಚು, ಆದರೆ ಒಂದು ವರ್ಷಕ್ಕಿಂತ ಕಡಿಮೆ ಕಾಲ ಅಕ್ರಮವಾಗಿ ತಂಗಿ ತಾವಾಗಿಯೇ ಹೊರಟವರಿಗೆ 3 ವರ್ಷ ಪ್ರವೇಶ ನಿಷಿದ್ಧ. ಒಂದು ವರ್ಷ ಅಥವಾ ಅದಕ್ಕೆ ಮಿಗಿಲಾಗಿ ತಂಗಿದವರಿಗೆ ನಿಷೇಧ 10 ವರ್ಷ. ಈ ನಿಷೇಧವು ದೇಶ ಬಿಟ್ಟ ದಿನದಿಂದ ಮೊದಲಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ತಾಯಿಯೊಬ್ಬರ ವೀಸಾ 2033ರವರೆಗೆ ಇದೆ. ವಾಸದ ಅನುಮತಿ 2024ರ ಜುಲೈ 9ರವರೆಗೆ ಮಾತ್ರ. ವೀಸಾ ಇನ್ನೂ ಇದೆಯಲ್ಲವೆಂದು ನಂಬಿ ಅವರು 2025ರ ಜನವರಿ 20ರಂದು ಹೊರಟರೆ 180 ದಿನಗಳ ಮಿತಿ ದಾಟಿರುತ್ತದೆ. ವಿಶೇಷ ವಿನಾಯಿತಿ ದೊರೆತ ಹೊರತು 2028ರ ಜನವರಿಯವರೆಗೆ ಅವರು ಆ ನೆಲವನ್ನು ಮೆಟ್ಟುವಂತಿಲ್ಲ. ಆ ನಡುವೆ ಮಗಳಿಗೆ ಕಾಯಿಲೆಯಾದರೂ ತಾಯಿ ಬಳಿಯಲ್ಲಿರಲಾರರು.

ಪರಿಹಾರದ ಮಾರ್ಗ

ಅನಾರೋಗ್ಯವೇ ಮೊದಲಾದ ಯುಕ್ತ ಕಾರಣವಿದ್ದಲ್ಲಿ, ಅವಧಿ ಮುಗಿಯುವ ಮುನ್ನವೇ ‘ಐ-539’ ಅರ್ಜಿಯನ್ನು, ವೈದ್ಯರ ಪತ್ರ ಮುಂತಾದ ಆಧಾರಗಳೊಡನೆ ಸಲ್ಲಿಸಬಹುದು. ಸಕಾಲದಲ್ಲಿ ಸಲ್ಲಿಸಿದ ಯೋಗ್ಯ ಅರ್ಜಿಯು ವಿಚಾರಣೆಯಲ್ಲಿರುವವರೆಗೆ, ಸಂದರ್ಶಕರು ಅಲ್ಲಿ ಉದ್ಯೋಗಕ್ಕೆ ತೊಡಗದಿದ್ದಲ್ಲಿ, ಅಕ್ರಮ ವಾಸದ ದಿನಗಳು ಎಣಿಕೆಗೆ ಬರುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಮರುದಿನದಿಂದಲೇ ಎಣಿಕೆ ಆರಂಭವಾಗುವುದರಿಂದ ತಡಮಾಡದೆ ಹೊರಡುವುದು ಕ್ಷೇಮ.

ವೃದ್ಧ ತಂದೆತಾಯಿಗಳಿಗೆ ಈ ನಿಯಮಗಳನ್ನು ತಿಳಿಸಿ ಹೇಳುವ ಹೊಣೆ ಕರೆಸಿಕೊಂಡ ಮಕ್ಕಳದು. ಇನ್ನೆರಡು ದಿನ ಇರಲೆಂಬ ಮಮತೆ ಸಹಜವಾದುದೇ. ಆದರೆ ಮತ್ತೊಮ್ಮೆ ಬರುವ ದಾರಿಯನ್ನು ತೆರೆದಿಡುವುದು ಅದಕ್ಕಿಂತ ದೊಡ್ಡ ಮಮತೆ.