ಅನಾನಸಿನ ಜುಟ್ಟಿನಿಂದ ಗಿಡ

ಅನಾನಸು ಹಣ್ಣನ್ನು ಮನೆಗೆ ತಂದವರು ಮೊದಲು ಮಾಡುವ ಕೆಲಸವೆಂದರೆ ಅದರ ಜುಟ್ಟನ್ನು ಕತ್ತರಿಸಿ ತಿಪ್ಪೆಗೆ ಎಸೆಯುವುದು. ಹಣ್ಣು ಗೊಜ್ಜಿಗೋ ಶಿರಾಕ್ಕೋ ಸಲ್ಲುತ್ತದೆ. ಜುಟ್ಟು ಯಾವ ಲೆಕ್ಕಕ್ಕೂ ಇಲ್ಲ. ಆದರೆ ಅದು ಹಣ್ಣಿಗೆ ಪ್ರಕೃತಿ ತೊಡಿಸಿದ ಅಲಂಕಾರವಲ್ಲ. ಕಾಂಡ, ಎಲೆ, ಬೆಳೆಯುವ ಕುಡಿ, ಬೇರಿನ ಮೊಳಕೆ ಇಷ್ಟನ್ನೂ ತನ್ನಲ್ಲಿ ಅಡಗಿಸಿಕೊಂಡಿರುವ ಒಂದು ಪೂರ್ಣ ಸಸಿ ಅದು. ಒಂದು ಕುಂಡವೂ ಎರಡು ಮೂರು ವರ್ಷಗಳ ತಾಳ್ಮೆಯೂ ಇದ್ದರೆ ಅದರಿಂದ ಮತ್ತೊಂದು ಹಣ್ಣನ್ನು ಪಡೆಯಬಹುದು.

ಹಣ್ಣಿನ ತಲೆಯ ಮೇಲೆ ಸಸಿ ಹೇಗೆ ಬಂದಿತು? ಗಿಡದ ನಡುವಿನಿಂದ ಮೇಲೇಳುವ ದಂಟಿನ ಸುತ್ತ ನೂರಕ್ಕೂ ಮಿಕ್ಕ ಚಿಕ್ಕ ಹೂಗಳು ಒತ್ತಾಗಿ ಹುಟ್ಟುತ್ತವೆ. ಅವೆಲ್ಲ ಬಲಿತು ಒಂದರೊಡನೊಂದು ಬೆಸೆದುಕೊಂಡು ಒಂದೇ ಹಣ್ಣಾಗುತ್ತವೆ. ಸಿಪ್ಪೆಯ ಮೇಲೆ ಕಾಣುವ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ನಮ್ಮ ಹಲಸೂ ಇದೇ ಬಗೆಯ ಸಂಯುಕ್ತ ಫಲ. ಆದರೆ ಹಲಸಿನಲ್ಲಿ ದಂಟು ಹಣ್ಣಿನೊಡನೆ ಮುಗಿದುಹೋಗುತ್ತದೆ, ಅನಾನಸಿನಲ್ಲಿ ಹಾಗಲ್ಲ. ಹೂಗಳನ್ನು ಬಿಟ್ಟ ಮೇಲೂ ದಂಟಿನ ತುದಿ ಬೆಳೆಯುತ್ತಲೇ ಹೋಗಿ ಮರಳಿ ಎಲೆಗಳನ್ನು ಬಿಡುತ್ತದೆ. ಗಟ್ಟಿಯೆಂದು ನಾವು ತೆಗೆದುಹಾಕುವ ನಡುದಿಂಡು ಆ ದಂಟು; ಅದರ ಮುಂದುವರಿಕೆಯೇ ಜುಟ್ಟು.

ಎಣಿಕೆಯಲ್ಲಿ ಆಸಕ್ತಿಯುಳ್ಳ ವಾಚಕರು ಹಣ್ಣನ್ನು ಹೆಚ್ಚುವ ಮುನ್ನ ಕಣ್ಣುಗಳ ಸಾಲುಗಳನ್ನು ಲೆಕ್ಕಹಾಕಿ ನೋಡಲಿ. ಒಂದು ದಿಕ್ಕಿಗೆ ಸುತ್ತುವ ಸುರುಳಿಗಳು ಸಾಮಾನ್ಯವಾಗಿ ೮, ಎದುರು ದಿಕ್ಕಿಗೆ ಸುತ್ತುವವು ೧೩, ಹೆಚ್ಚು ಕಡಿದಾಗಿ ಏರುವವು ೨೧. ಹಿಂದಿನೆರಡನ್ನು ಕೂಡಿದರೆ ಮುಂದಿನದು ಬರುವ ಈ ಶ್ರೇಢಿಗೆ ಇಟಲಿಯ ಫಿಬೊನಾಚಿಯ ಹೆಸರು ಅಂಟಿಕೊಂಡಿದೆ. ಅವನ ಗ್ರಂಥದ ಕಾಲ ೧೨೦೨. ಅದಕ್ಕೂ ಮೊದಲೇ ನಮ್ಮ ವಿರಹಾಂಕ, ಹೇಮಚಂದ್ರರು ಮಾತ್ರಾಛಂದಸ್ಸಿನಲ್ಲಿ ಲಘು ಗುರುಗಳ ಜೋಡಣೆಗಳನ್ನು ಎಣಿಸುತ್ತ ಇದೇ ಸಂಖ್ಯೆಗಳಿಗೆ ಬಂದಿದ್ದರು.

ಅನಾನಸಿನ ತೌರು ದಕ್ಷಿಣ ಅಮೆರಿಕ. ೧೪೯೩ರಲ್ಲಿ ಕೊಲಂಬಸನೂ ಅವನ ಸಂಗಡಿಗರೂ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಕಂಡರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಇಂದು ಬನವಾಸಿ, ಸೊರಬ, ಸಾಗರಗಳ ಕಡೆ ಇದು ತೋಟದ ಬೆಳೆಯಾಗಿದೆ. ಅಲ್ಲಿಯ ಕೃಷಿಕರು ಸಾಮಾನ್ಯವಾಗಿ ನೆಡುವುದು ಜುಟ್ಟನ್ನಲ್ಲ, ಗಿಡದ ಬುಡದಲ್ಲಿ ಏಳುವ ಕಂದುಗಳನ್ನು. ಕಂದು ಸುಮಾರು ಒಂದೂವರೆ ವರ್ಷದಲ್ಲಿ ಹೂವಿಗೆ ಬರುತ್ತದೆ, ಜುಟ್ಟಿಗೆ ಎರಡು ವರ್ಷ ಬೇಕು. ಅದೂ ಅಲ್ಲದೆ ಜುಟ್ಟು ಹಣ್ಣಿನೊಡನೆ ಪೇಟೆಗೆ ಹೋಗಿಬಿಡುತ್ತದೆ. ಬೀಜ ಬಿತ್ತುವ ಮಾತೇ ಇಲ್ಲ; ಒಂದೇ ತಳಿಯ ಗಿಡಗಳ ಪರಾಗದಿಂದ ಈ ಸಸ್ಯ ಬೀಜ ಕಟ್ಟುವುದಿಲ್ಲ. ನಾವು ತಿನ್ನುವ ಹಣ್ಣಿನಲ್ಲಿ ಬೀಜವಿಲ್ಲದಿರುವುದು ಈ ಕಾರಣದಿಂದಲೇ.

ಇನ್ನು ನೆಡುವ ಕ್ರಮ. ಜುಟ್ಟಿನ ನಡುವಿನ ಎಲೆಗಳು ಹಸುರಾಗಿ ಬಿಗಿಯಾಗಿರುವ ಹಣ್ಣನ್ನು ಆರಿಸಬೇಕು. ಒಂದು ಕೈಯಲ್ಲಿ ಹಣ್ಣನ್ನೂ ಮತ್ತೊಂದರಲ್ಲಿ ಜುಟ್ಟಿನ ಬುಡವನ್ನೂ ಹಿಡಿದು ತಿರುಚಿದರೆ ಅದು ತಾನಾಗಿ ಕಳಚಿಬರುತ್ತದೆ. ಕತ್ತಿಯಿಂದ ಕೊಯ್ದರೆ ಹಣ್ಣಿನ ತಿರುಳು ಸ್ವಲ್ಪ ಉಳಿದುಕೊಳ್ಳುವುದುಂಟು; ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಏಕೆಂದರೆ ಸಿಹಿ ತಿರುಳು ಬೂಷ್ಟಿಗೆ ಆಹಾರ. ಬಳಿಕ ಕೆಳಗಿನ ಎಲೆಗಳನ್ನು ಒಂದೊಂದಾಗಿ ಸುಲಿದು ಒಂದಂಗುಲದಷ್ಟು ಕಾಂಡವನ್ನು ಬರಿದು ಮಾಡಬೇಕು. ಅಲ್ಲಿ ಕಾಣುವ ಕಂದುಬಣ್ಣದ ಸಣ್ಣ ಗುಬುಟುಗಳೇ ಬೇರಿನ ಮೊಳಕೆಗಳು. ಹೀಗೆ ಸುಲಿದ ಜುಟ್ಟನ್ನು ಮೂರು ನಾಲ್ಕು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಗಾಯದ ಬಾಯಿ ಒಣಗಿ ಮುಚ್ಚಿಕೊಂಡರೆ ಮಣ್ಣಿನ ಶಿಲೀಂಧ್ರಗಳಿಗೆ ಒಳಹೋಗುವ ದಾರಿ ಇಲ್ಲವಾಗುತ್ತದೆ. ಅಷ್ಟರಲ್ಲಿ ಸಸಿ ಬಾಡಿಹೋಗದೆ ಎಂದು ಕೇಳಬಹುದು. ಬಾಡುವುದಿಲ್ಲ, ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಸಮಪಾಲಾಗಿ ಬೆರೆಸಿ, ತಳದಲ್ಲಿ ತೂತುಳ್ಳ ಮಣ್ಣಿನ ಕುಂಡಕ್ಕೆ ತುಂಬಿ, ಸುಲಿದ ಭಾಗವಷ್ಟೇ ಹುಗಿಯುವಂತೆ ನೆಡಬೇಕು. ಎಲೆಗಳ ನಡುವಿನ ಕುಡಿಗೆ ಮಣ್ಣು ಬೀಳಬಾರದು. ಈ ಗಿಡಕ್ಕೆ ಸ್ವಲ್ಪ ಹುಳಿಮಣ್ಣು ಹಿತ. ಸುಣ್ಣದ ಅಂಶ ಹೆಚ್ಚಾಗಿರುವ ಎರೆಮಣ್ಣಿನಲ್ಲಿ ಕಬ್ಬಿಣ ದೊರೆಯದೆ ಎಲೆ ಬಿಳಿಚುತ್ತದೆ. ಆರರಿಂದ ಎಂಟು ವಾರಗಳಲ್ಲಿ ಬೇರೂರುತ್ತದೆ. ಮೆಲ್ಲನೆ ಎಳೆದಾಗ ಜುಟ್ಟು ಎದುರು ಹಿಡಿದರೆ ಬೇರು ಬಂದಿದೆಯೆಂದೇ ಅರ್ಥ. ವರ್ಷ ಕಳೆದ ಮೇಲೆ ಹನ್ನೆರಡು ಅಂಗುಲ ಬಾಯಿಯ ಕುಂಡಕ್ಕೆ ಬದಲಾಯಿಸಬೇಕು.

ಮನೆಯಲ್ಲಿ ನೆಟ್ಟ ಜುಟ್ಟುಗಳು ಸಾಯುವುದು ಬಹುಮಟ್ಟಿಗೆ ಅತಿಯಾದ ಉಪಚಾರದಿಂದ. ದಿನವೂ ನೀರೆರೆಯದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಎರೆದರೆ ಬೇರು ಕೊಳೆಯುತ್ತದೆ. ಬೇರೂ ಉಸಿರಾಡುವ ಅಂಗ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿದ್ದಾಗ ಆಮ್ಲಜನಕ ಸುಲಭವಾಗಿ ಬೇರನ್ನು ಮುಟ್ಟುತ್ತದೆ. ಆ ಸಂದುಗಳನ್ನು ನೀರು ತುಂಬಿದರೆ, ನೀರಿನಲ್ಲಿ ಆಮ್ಲಜನಕದ ವಿಸರಣ ಗಾಳಿಯಲ್ಲಿ ನಡೆಯುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಬೇರು ನೀರಿನಲ್ಲಿ ಮುಳುಗಿ ಉಸಿರುಗಟ್ಟುತ್ತದೆಂದು ಹೇಳಿದರೆ ಅದು ಬರಿಯ ಅಲಂಕಾರದ ಮಾತಲ್ಲ. ಮೇಲ್ಮಣ್ಣು ಬೆರಳಿಗೆ ಒಣಗಿದೆಯೆನಿಸಿದ ಮೇಲೆ ಮಾತ್ರ ನೀರು ಕೊಡಬೇಕು. ಪ್ಲಾಸ್ಟಿಕ್ ಕುಂಡಕ್ಕಿಂತ ಮಣ್ಣಿನ ಕುಂಡವನ್ನು ನಾನು ಮೆಚ್ಚುವುದೂ ಇದಕ್ಕಾಗಿಯೇ: ಹೂಜಿಯಂತೆ ಅದರ ಗೋಡೆಯಿಂದಲೂ ತೇವ ಆರಿಹೋಗುತ್ತದೆ.

ಇಷ್ಟು ಕಡಿಮೆ ನೀರಿನಲ್ಲಿ ಈ ಗಿಡ ಬಾಳುವ ಬಗೆ ವಿಸ್ಮಯಕರ. ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಅದೇ ಬಾಗಿಲಿನಿಂದ ನೀರಿನ ಆವಿ ಹೊರಗೆ ಹೋಗುತ್ತದೆ. ಅನಾನಸು ಬಾಗಿಲು ತೆರೆಯುವುದು ಮುಖ್ಯವಾಗಿ ರಾತ್ರಿ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ೨೦ ಡಿಗ್ರಿಯಲ್ಲಿ ಸುಮಾರು ೧೭ ಗ್ರಾಂ ಮಾತ್ರ. ತಂಪಾದ ಇರುಳಿನಲ್ಲಿ ಗಾಳಿಯ ದಾಹ ಕಡಿಮೆ, ಎಲೆಯ ನಷ್ಟವೂ ಕಡಿಮೆ. ರಾತ್ರಿ ಪಡೆದ ಡೈಆಕ್ಸೈಡನ್ನು ಗಿಡ ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಸೂರ್ಯನ ಬೆಳಕಿನಲ್ಲಿ ಅದನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಒಂದು ಗ್ರಾಂ ಡೈಆಕ್ಸೈಡಿಗಾಗಿ ಬತ್ತ, ಗೋಧಿಯ ಗುಂಪಿನ ಸಸ್ಯಗಳು ೪೦೦ರಿಂದ ೫೦೦ ಗ್ರಾಂ ನೀರನ್ನು ತೆತ್ತರೆ, ಈ ಬಗೆಯ ಸಸ್ಯಗಳು ತೆರುವುದು ೫೦ರಿಂದ ೧೦೦ ಗ್ರಾಂ. ನಾಲ್ಕು ದಿನ ಬೇರಿಲ್ಲದೆ ಬಿದ್ದ ಜುಟ್ಟು ಬಾಡದಿರುವುದು ಇದರಿಂದ.

ಈ ಕ್ರಮದ ಮೊದಲ ಸುಳಿವುಗಳಲ್ಲೊಂದು ದೊರೆತದ್ದು ಭಾರತದಲ್ಲಿ, ನಾಲಗೆಯ ಸಹಾಯದಿಂದ. ಒಮ್ಮೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯವಿಜ್ಞಾನಿ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದನು. ಬೆಳಿಗ್ಗೆ ಹುಳಿ, ನಡುಹಗಲು ಸಪ್ಪೆ, ಸಂಜೆ ಕಹಿ. ಇದನ್ನು ತಿಳಿಸಿದ ಅವನ ಪತ್ರ ೧೮೧೫ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅನಾನಸಿನ ಎಲೆಯನ್ನು ಹೀಗೆ ಅಗಿಯುವುದು ಬೇಡ, ಬಾಯಿ ತುರಿಸೀತು. ನಸುಕಿನಲ್ಲಿ ಒಂದು ತುಂಡು, ಇಳಿಹೊತ್ತಿನಲ್ಲಿ ಒಂದು ತುಂಡು ಜಜ್ಜಿ, ರಸಕ್ಕೆ ಆಮ್ಲತೆ ತೋರಿಸುವ ಬಣ್ಣದ ಕಾಗದವನ್ನು ತಾಗಿಸಿದರೆ ಸಾಕು.

ಗಿಡ ಮೂವತ್ತೈದು ನಲವತ್ತು ಎಲೆಗಳಷ್ಟು ಬೆಳೆದೂ ಹೂ ಬಿಡದಿದ್ದರೆ ಒಂದು ಉಪಾಯವುಂಟು. ಅಜೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ ಹೊಗೆ ತುಂಬಿದಾಗ ಅನಾನಸಿನ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗಮನಿಸಿದ್ದರು. ಹೊಗೆಯಲ್ಲಿರುವ ಎಥಿಲೀನ್ ಅನಿಲವೇ ಇದಕ್ಕೆ ಕಾರಣವೆಂದು ೧೯೩೨ರಲ್ಲಿ ಪೋರ್ಟೊ ರಿಕೊದಿಂದ ವರದಿಯಾಯಿತು. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವ ನಮ್ಮ ಹಳ್ಳಿಯ ಪದ್ಧತಿಯಲ್ಲಿ ಕೆಲಸ ಮಾಡುವುದೂ ಇದೇ ಅನಿಲ. ಕಳಿಯುತ್ತಿರುವ ಬಾಳೆಹಣ್ಣು ತಾನೇ ಎಥಿಲೀನನ್ನು ಹೊರಸೂಸುತ್ತದೆ; ಆದ್ದರಿಂದ ಗಿಡದ ಬಳಿ ಎರಡು ಹಣ್ಣಿಟ್ಟು, ದೊಡ್ಡ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ನೆರಳಿನಲ್ಲಿ ಕೆಲವು ದಿನ ಬಿಡಬೇಕು. ಒಂದೆರಡು ತಿಂಗಳಲ್ಲಿ ನಡುವೆ ಕೆಂಪು ಮೊಗ್ಗು ತಲೆಯೆತ್ತಬಹುದು. ಎಳೆಯ ಗಿಡಕ್ಕೆ ಹೀಗೆ ಮಾಡಿದರೆ ಹಣ್ಣು ನಿಂಬೆಯಷ್ಟೇ ಆದೀತು. ಕುಂಡದ ಗಿಡದಲ್ಲಿ ತೋಟದ ಎರಡು ಕಿಲೋ ಹಣ್ಣನ್ನು ಹೇಗೂ ನಿರೀಕ್ಷಿಸಲಾಗದು. ಹಣದ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವೇ.

ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಅನಾನಸು ಮಾವಿನಂತೆ ಕೊಯ್ದ ಮೇಲೆ ಸಿಹಿಯಾಗುವುದಿಲ್ಲ. ಸಕ್ಕರೆಯಾಗಿ ಮಾರ್ಪಡುವಷ್ಟು ಪಿಷ್ಟದ ಸಂಗ್ರಹ ಅದರಲ್ಲಿಲ್ಲ. ಆದುದರಿಂದ ಹಳದಿ ಬಣ್ಣ ಬುಡದಿಂದ ಏರಿ ಅರ್ಧವನ್ನು ದಾಟುವವರೆಗೆ ಕಾಯಬೇಕು. ಹಣ್ಣು ಕೊಟ್ಟ ಗಿಡ ಮತ್ತೆ ಹೂ ಬಿಡದು, ಆದರೆ ಅದರ ಬುಡದಲ್ಲಿ ಕಂದುಗಳು ಏಳುತ್ತವೆ. ಬಲವಾದುದೊಂದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದರೆ, ಅದು ಜುಟ್ಟಿಗಿಂತ ಬೇಗನೆ ಹಣ್ಣಿಗೆ ಬರುತ್ತದೆ.