ಶಿಶುವಿಹಾರದಲ್ಲಿ ಅಡುಗೆ ಆಟ: ಒಲೆ ಬೇಡ, ಕಡಲೆಕಾಯಿ ಬೇಡ

ಪ್ರಶ್ನೆ: ನಾನು ಶಿಶುವಿಹಾರದ ಶಿಕ್ಷಕಿ. 3ರಿಂದ 5 ವರ್ಷದ 16 ಮಕ್ಕಳಿದ್ದಾರೆ. ಅವರಿಂದ ಅಡುಗೆ ಮಾಡಿಸುವ ಆಸೆ. ಒಬ್ಬಳಿಗೆ ಕಡಲೆಕಾಯಿ ಅಲರ್ಜಿಯಿದೆ ಎಂದು ತಾಯಿ ಹೇಳಿದ್ದಾರೆ. ಏನು ಮಾಡಲಿ?

ಮಕ್ಕಳ ತಜ್ಞರ ಉತ್ತರ: ಖಂಡಿತ ಮಾಡಿಸಿ. ಮೊದಲು ಎಲ್ಲ ಪೋಷಕರಿಂದ ಅಲರ್ಜಿಯ ವಿವರವನ್ನು ಬರಹದಲ್ಲಿ ಪಡೆಯಿರಿ. ಆ ಮಗುವನ್ನು ಪಕ್ಕಕ್ಕೆ ಕೂರಿಸಬೇಡಿ. ಕಡಲೆಕಾಯಿಯನ್ನೇ ತರಗತಿಯಿಂದ ಹೊರಗಿಡಿ. ಒಗ್ಗರಣೆಯ ಎಣ್ಣೆ, ಚಟ್ನಿಪುಡಿಗಳಲ್ಲೂ ಅದು ಅಡಗಿರಬಹುದು. ಮಕ್ಕಳ ವೈದ್ಯರನ್ನೋ ಅಲರ್ಜಿ ತಜ್ಞರನ್ನೋ ಕಂಡು, ತುರ್ತಿನಲ್ಲಿ ಏನು ಮಾಡಬೇಕೆಂದು ಬರೆಸಿ ತರಲು ತಾಯಿಗೆ ಹೇಳಿ. ತುಟಿ ಊದಿದರೆ ಅಥವಾ ಉಸಿರಿಗೆ ಕಷ್ಟವಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಶುರುವಿಗೆ ಬೆಲ್ಲದವಲಕ್ಕಿ ಸಾಕು. ತೆಳು ಅವಲಕ್ಕಿ ನೆನೆಸುವುದು, ಬೆಲ್ಲದ ಪುಡಿ, ಕಾಯಿತುರಿ ಕಲಸುವುದು ಮೂರು ವರ್ಷದವರ ಕೈಗೂ ಬರುತ್ತದೆ. ಬಾಳೆಹಣ್ಣನ್ನು ಮೊಂಡು ಚಾಕುವಿನಿಂದ ಕತ್ತರಿಸಲಿ. ಕಾಯಿ ನೀವೇ ತುರಿಯಿರಿ. ಒಮ್ಮೆಗೆ ನಾಲ್ವರೇ ಇರಲಿ. ಹದಿನಾರು ಮಕ್ಕಳು ಒಂದೇ ಪಾತ್ರೆಗೆ ಕೈ ಹಾಕಿದರೆ ಅದು ಪಾಠವಲ್ಲ, ಜಾತ್ರೆ! ಸಾಬೂನಿನಲ್ಲಿ 20 ಸೆಕೆಂಡು ಕೈ ತೊಳೆಸಿ. ನೆಗಡಿ, ಭೇದಿ ಇರುವವರು ಆ ದಿನ ಪಾತ್ರೆ ಮುಟ್ಟದಿರಲಿ.

ಗಟ್ಟಿ ಕ್ಯಾರೆಟ್ ತುಂಡು, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕ್ಯಾರೆಟ್ ತುರಿಯಿರಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಮುಂದೆಂದಾದರೂ ಬಿಸ್ಕತ್ತು ಮಾಡಿಸುವುದಾದರೆ ಹಸಿ ಹಿಟ್ಟಿನ ರುಚಿ ನೋಡಲು ಬಿಡಬೇಡಿ. ಅವನ್‌ಗೆ ಇಡುವುದು, ತೆಗೆಯುವುದು ನಿಮ್ಮದೇ ಕೆಲಸ, ಮಕ್ಕಳಿಲ್ಲದ ಕೋಣೆಯಲ್ಲಿ. ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚದೆ, 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಬೊಬ್ಬೆ ಬಂದರೆ ವೈದ್ಯರಿಗೆ ತೋರಿಸಿ.